ಬಿ.ಎ. ಓದಿದವರು ಪಿಡಿಒ ಆಗಬಹುದಾ?

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ ಮೇಡಂ. ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗುವ ಆಸೆ. ಎಂಜಿನಿಯರಿಂಗ್ ಓದಿದವರ ಮುಂದೆ ನನಗೆ ಅವಕಾಶ ಇದೆಯಾ?
– ಓದುಗಿ, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಇದೆ. ಯಾವ ಪದವಿಯಾದರೂ ಸಾಕು. ಪಿಡಿಒ ಆಗಿರುವ ನಾನೂ ಬಿ.ಎ.ನೇ ಅಲ್ವಾ! ಆಯ್ಕೆ ಸ್ಪರ್ಧಾತ್ಮಕ ಪರೀಕ್ಷೆಯಿಂದ. 2024ರಲ್ಲಿ ಅದನ್ನು ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ನಡೆಸಿತು. 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ಗೈಡಿನಲ್ಲಲ್ಲ, ಮೂಲದಲ್ಲೇ ಓದಿ. ಕೋಚಿಂಗ್‌ಗೆ ಸುಮ್ನೆ ದುಡ್ಡು ಸುರಿಯುವ ಮುಂಚೆ ನಿಮ್ಮೂರಿನ ಗ್ರಾಮಸಭೆಯಲ್ಲಿ ಒಮ್ಮೆ ಕೂತು ನೋಡಿ. ನನ್ನ ಮೊದಲ ಸಭೆಯಲ್ಲಿ ಅಜ್ಜಿಯೊಬ್ಬರು ಖಾಲಿ ಕೊಡ ತಂದು ಮೇಜಿನ ಮೇಲೆ ಕುಕ್ಕಿದ್ದರು. ಬೋರ್‌ವೆಲ್ ಮೋಟರ್ ಸುಟ್ಟು ನಾಲ್ಕು ದಿನವಾಗಿತ್ತು. ಊಟ ಬಿಟ್ಟು ರಿಪೇರಿಯವನನ್ನು ಹುಡುಕಿಕೊಂಡು ಹೋದೆ. ಪಿಡಿಒ ಕೆಲಸದಲ್ಲಿ ಗ್ರಾಮೀಣ ಉದ್ಯೋಗ ಯೋಜನೆ, ಇ-ಸ್ವತ್ತು (ಊರಿನ ಆಸ್ತಿಗಳ ಆನ್‌ಲೈನ್ ದಾಖಲೆ), ತೆರಿಗೆ ವಸೂಲಿ ಎಲ್ಲ ಇದೆ. ಫೋನ್ ಬರುವುದು ಮಾತ್ರ ಜಾಸ್ತಿ ನೀರಿನ ವಿಷಯಕ್ಕೇ.