ಬಾತುಮರಿ ಮೊದಲು ಒಣಗಿರಲಿ, ಆಮೇಲೆ ಬಲ್ಬಿನ ಮಾತು

ಬೀಳಗಿಯ ಅಕ್ಕಾರೇ, ನಿಮ್ಮ ಪ್ರಶ್ನೆ, ಫೋಟೋ ಎರಡೂ ನೋಡಿದೆ. ಈಗ ಬಂದವರಿಗೆ ವಿಷಯ ಇಷ್ಟು: ಜವಾರಿ ಕೋಳಿಯ ಕೆಳಗೆ ಬಾತುಕೋಳಿ ಮೊಟ್ಟೆ ಇಟ್ಟಿದ್ದರು. 11 ಮರಿ ಆದವು. ಮರುದಿನವೇ ಕೋಳಿಯನ್ನು ಬೀದಿನಾಯಿ ಎತ್ತಿಕೊಂಡು ಹೋಯಿತು. ಮರಿಗಳನ್ನು ಅಡುಗೆಮನೆ ಮೂಲೆಯಲ್ಲಿ ರಟ್ಟಿನ ಡಬ್ಬದಲ್ಲಿಟ್ಟು, 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿದ್ದಾರೆ. ಕೆಳಗೆ ಪೇಪರ್, ಊಟದ ತಟ್ಟೆಯಲ್ಲಿ ನೀರು, ತಿನ್ನಲು ಎಮ್ಮೆಗೆ ತಂದ ಶೇಂಗಾ ಹಿಂಡಿ ನೆನೆಸಿದ್ದು. ಎರಡು ಸತ್ತಿವೆ. ಉಳಿದ 9 ಮರಿ ರಾತ್ರಿಯೆಲ್ಲ ಕೂಗುತ್ತಿವೆ. ದೊಡ್ಡ ಬಲ್ಬ್ ಹಾಕಿದರೆ ಸಾಕಾ ಅಂತ ಕೇಳಿದ್ದಾರೆ.

ಬಲ್ಬ್ ಬದಲಾಯಿಸಲೇಬೇಕು ಅಕ್ಕಾ, ಆದರೆ ಅದೊಂದರಿಂದ ಆಗುವುದಿಲ್ಲ. ಇವತ್ತು ಸಂಜೆಯೊಳಗೆ ಎರಡು ಕೆಲಸ ಮಾಡಿ. ಶೇಂಗಾ ಹಿಂಡಿ ನಿಲ್ಲಿಸಿ. ಒದ್ದೆ ಪೇಪರ್ ತೆಗೆದುಹಾಕಿ.

ಹಿಂಡಿಯ ಮಾತು ಮೊದಲು, ಯಾಕೆಂದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದು ಇರುತ್ತದೆ, ಕೋಳಿಗೂ ಹಾಕುತ್ತೇವೆ. ಶೇಂಗಾ, ಗೋವಿನಜೋಳ ಸ್ವಲ್ಪ ಹಸಿ ಇದ್ದಾಗ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಬಾತು ಮರಿಗಳಿಗೆ ಇದನ್ನು ತಡೆದುಕೊಳ್ಳಲು ಆಗುವುದೇ ಇಲ್ಲ. ದೊಡ್ಡ ಎಮ್ಮೆಗೆ ಏನೂ ಆಗದಷ್ಟು ವಿಷ ಒಂದು ಮರಿಯ ಲಿವರ್ ಕೆಡಿಸಲು ಸಾಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು, ಬಾತು ಮರಿಗಳೂ ಸತ್ತವು. ಹುಡುಕಿದಾಗ ಸಿಕ್ಕ ಕಾರಣ ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ. ಆ ಮೇಲೆ ಒಂದು ಹಿಂಡಿಯಲ್ಲಿ ಈ ವಿಷ ಇದೆಯಾ ಅಂತ ಪರೀಕ್ಷಿಸಲು ವಿಜ್ಞಾನಿಗಳು ಬಳಸಿದ್ದು ಒಂದು ದಿನದ ಬಾತು ಮರಿಗಳನ್ನೇ. ಅಷ್ಟು ಬೇಗ ಅವುಗಳಿಗೆ ತಾಗುತ್ತದೆ. ಕುದಿಸಿದರೂ ವಿಷ ಹೋಗುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದು. ನಿಮ್ಮ ಎರಡು ಮರಿ ಅದರಿಂದಲೇ ಸತ್ತವು ಅಂತ ಫೋಟೋ ನೋಡಿ ಹೇಳಲು ಆಗುವುದಿಲ್ಲ. ಚಳಿಯಿಂದಲೂ ಸತ್ತಿರಬಹುದು. ಆದರೆ ಹಿಂಡಿ ಮಾತ್ರ ಬೇಡವೇ ಬೇಡ.

ಅದರ ಬದಲು ಕೋಳಿ ಮರಿಗಳ ಸ್ಟಾರ್ಟರ್ ಫೀಡ್ ತನ್ನಿ. ಪ್ರೋಟೀನ್ 20ರಿಂದ 22 ಪರ್ಸೆಂಟ್ ಇರಬೇಕು. ಅಂಗಡಿಯವರಿಗೆ "ಔಷಧಿ ಬೆರೆಸದ್ದು ಕೊಡ್ರೀ" ಅಂತ ಕೇಳಿ. ಮೊಟ್ಟೆ ಇಡುವ ಕೋಳಿಯ ಲೇಯರ್ ಫೀಡ್ ಬೇಡ, ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಗಳ ಕಿಡ್ನಿಗೆ ಪೆಟ್ಟು. ಫೀಡಿಗೆ ನೀರು ಚಿಮುಕಿಸಿ ಉದುರುದುರಾಗಿ ಕಲಸಿ ಕೊಡಿ. ಒಮ್ಮೆಗೆ ಸ್ವಲ್ಪವೇ ಕಲಸಿ, ಉಳಿದಿದ್ದನ್ನು ತೆಗೆದು ಪಾತ್ರೆ ತೊಳೆಯಿರಿ.

ಕೋಳಿ ಫೀಡಿನಲ್ಲಿ ಒಂದು ಕೊರತೆ ಇರುತ್ತದೆ. ಬಾತು ಮರಿಗೆ ನಯಾಸಿನ್ ಅನ್ನುವ ಬಿ ವಿಟಮಿನ್ ಕೋಳಿ ಮರಿಗಿಂತ ಜಾಸ್ತಿ ಬೇಕು. 1 ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ. ಸಾಲದಿದ್ದರೆ ಕಾಲಿನ ಗಂಟು ದಪ್ಪಗಾಗುತ್ತದೆ, ಕಾಲು ಸೊಟ್ಟಗಾಗುತ್ತವೆ, ಮರಿ ಕೂತಲ್ಲೇ ಕೂರುತ್ತದೆ. ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ದನದ ಔಷಧಿ ಅಂಗಡಿಯಲ್ಲಿ ಕೋಳಿಗಳಿಗೆ ಕೊಡುವ ಬಿ ಕಾಂಪ್ಲೆಕ್ಸ್ ದ್ರಾವಣ ಸಿಗುತ್ತದೆ. ನಯಾಸಿನ್ ಅಥವಾ ನಯಾಸಿನಮೈಡ್ ಅಂತ ಲೇಬಲ್ ಮೇಲೆ ಇದೆಯಾ ನೋಡಿ ತನ್ನಿ. ಎಷ್ಟು ಹಾಕಬೇಕು ಅಂತ ಬಾಟಲಿ ಮೇಲೆ ಬರೆದಿರುತ್ತದೆ, ಅಷ್ಟೇ ಹಾಕಿ.

ಇನ್ನು ಒದ್ದೆಯ ಮಾತು. ಬಾತು ಮರಿ ಸಾಕುವವರಿಗೆ ನಿಜವಾದ ಕೆಲಸ ಇದೇ. ಒಂದು ಮರಿಯನ್ನು ಐದು ನಿಮಿಷ ಸುಮ್ನೆ ಕೂತು ನೋಡಿ. ಕೊಕ್ಕಿನ ತುಂಬ ಫೀಡ್ ತುಂಬಿಕೊಳ್ಳುತ್ತದೆ, ನೀರಿನ ಕಡೆ ಓಡುತ್ತದೆ, ಕೊಕ್ಕು ಮುಳುಗಿಸಿ ಪಟಪಟ ಆಡಿಸುತ್ತದೆ, ಮೂಗಿನ ತೂತಿನಿಂದ ಗುಳ್ಳೆ ಬಿಡುತ್ತದೆ, ತಲೆ ಎತ್ತಿ ಕೊಡವುತ್ತದೆ. ಪಕ್ಕದ ನಾಲ್ಕು ಮರಿಗಳ ಬೆನ್ನು ನೆನೆಯುತ್ತದೆ. ಆಮೇಲೆ ತಟ್ಟೆಯೊಳಗೇ ಹೋಗಿ ಕೂರುತ್ತದೆ. ತಾಯಿ ಬಾತು ಜೊತೆಗಿದ್ದರೆ ಅದರ ರೆಕ್ಕೆಯ ಎಣ್ಣೆ ಅಂಶ ಮರಿಯ ಮೈಗೂ ಹತ್ತಿ ನೀರು ಇಳಿಯದಂತೆ ಕಾಯುತ್ತದೆ. ಕೋಳಿಯ ಕೆಳಗೆ ಹುಟ್ಟಿದ ಮರಿಗೆ ಆ ರಕ್ಷಣೆ ಇಲ್ಲ. ತುಪ್ಪಳ ನೆನೆದು ಚರ್ಮಕ್ಕೆ ಅಂಟಿದರೆ, 100 ವ್ಯಾಟಿನ ಬಲ್ಬ್ ಹಾಕಿದರೂ ಮರಿ ನಡುಗುತ್ತಲೇ ಇರುತ್ತದೆ.

ಹಾಗಂತ ನೀರು ಕಡಿಮೆ ಮಾಡಬೇಡಿ. ಕೊಕ್ಕು ಮೂಗಿನ ತೂತಿನವರೆಗೂ ಮುಳುಗಬೇಕು, ಇಲ್ಲದಿದ್ದರೆ ಫೀಡ್ ಒಣಗಿ ಮೂಗು ಕಟ್ಟುತ್ತದೆ, ಕಣ್ಣಿನ ಸುತ್ತ ಗಟ್ಟಿಯಾಗುತ್ತದೆ. ಒಣ ಫೀಡ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಕೂಡ. ರಾತ್ರಿ ನೀರು ತೆಗೆಯುವುದಾದರೆ ಫೀಡನ್ನೂ ತೆಗೆಯಿರಿ. ಪಾತ್ರೆ ಹೇಗಿರಬೇಕು ಅಂದರೆ ತಲೆ ತೂರಬೇಕು, ಮೈ ತೂರಬಾರದು. ಖಾಲಿ ಎಣ್ಣೆ ಕ್ಯಾನನ್ನು ಸೋಪು ಹಾಕಿ ಚೆನ್ನಾಗಿ ತೊಳೆದು, ಪಕ್ಕದಲ್ಲಿ ಅಷ್ಟೇ ದೊಡ್ಡ ತೂತು ಕೊಯ್ಯಿರಿ. ಅಂಚನ್ನು ಬೆಂಕಿಕಡ್ಡಿಯಿಂದ ಕಾಯಿಸಿ ನಯ ಮಾಡಿ. ಆ ಕ್ಯಾನನ್ನು ಒಂದು ಅಗಲ ಟ್ರೇ ಮೇಲೆ ತಂತಿಜಾಲರಿ ಹಾಕಿ, ಅದರ ಮೇಲೆ ಇಡಿ. ಚೆಲ್ಲಿದ್ದೆಲ್ಲ ಟ್ರೇಗೆ ಇಳಿಯುತ್ತದೆ, ಹಾಸಿಗೆ ಒಣಗಿರುತ್ತದೆ. ಜಾಲರಿಯ ಕಣ್ಣು ಕಾಲು ಸಿಕ್ಕಿಕೊಳ್ಳದಷ್ಟು ಸಣ್ಣ ಇರಲಿ. ನಮ್ಮ ಮನೆಯಲ್ಲಿ ಈ ಏರ್ಪಾಡು ಮಾಡಿದ ಮೇಲೆ ಹಾಸಿಗೆ ಬದಲಾಯಿಸುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಯಿತು.

ಹಾಸಿಗೆಗೆ ಪೇಪರ್ ಬೇಡ. ನೆನೆದ ಪೇಪರ್ ಮೇಲೆ ಮರಿಯ ಕಾಲು ಜಾರಿ ಎರಡು ಕಡೆ ಚಾಚಿಕೊಂಡುಬಿಡುತ್ತವೆ, ಆಮೇಲೆ ಎದ್ದು ನಿಲ್ಲುವುದು ಕಷ್ಟ. ಮೊದಲ ಮೂರ್ನಾಲ್ಕು ದಿನ ಒಣ ಗೋಣಿಚೀಲ ಮಡಿಸಿ ಹಾಸಿ, ಬಿಟ್ಟ ದಾರಗಳನ್ನು ಕತ್ತರಿಸಿ, ಕಾಲಿಗೆ ಸುತ್ತಿಕೊಳ್ಳುತ್ತವೆ. ಆಮೇಲೆ ಬಡಿಗೇರರ ಹತ್ತಿರ ರಂದಾ ಹೊಡೆದ ಕಟ್ಟಿಗೆ ಸಿಪ್ಪೆ ತನ್ನಿ. ಸಣ್ಣ ಪುಡಿ ಬೇಡ, ತಿಂದುಬಿಡುತ್ತವೆ. ಕಬ್ಬಿನ ರವದಿ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಒದ್ದೆಯಾದರೆ ಬೇಗ ಬೂಷ್ಟು ಹಿಡಿದು ಮರಿಗಳ ಶ್ವಾಸಕ್ಕೆ ತೊಂದರೆ ಕೊಡುತ್ತದೆ. ರಟ್ಟಿನ ಡಬ್ಬದ ಬದಲು ದೊಡ್ಡ ಪ್ಲಾಸ್ಟಿಕ್ ಟಬ್ ಒಳ್ಳೆಯದು. 9 ಮರಿಗೆ ಮೊದಲ ವಾರ ಎರಡಡಿ ಅಗಲ, ಮೂರಡಿ ಉದ್ದ ಸಾಕು. ಎರಡನೇ ವಾರಕ್ಕೆ ಅದರ ಎರಡರಷ್ಟು ಜಾಗ ಬೇಕಾಗುತ್ತದೆ, ಈಗಲೇ ನೋಡಿಟ್ಟುಕೊಳ್ಳಿ.

ಈಗ ಬಲ್ಬ್. ಎಲ್‌ಇಡಿ ಬೆಳಕು ಕೊಡುತ್ತದೆ, ಕೆಳಗೆ ಕಾವು ಬರುವುದಿಲ್ಲ. ಒಳಗೆ ತಂತಿ ಕೆಂಪಗಾಗುವ ಹಳೇ ಬಲ್ಬ್ ಬೇಕು. ನಿಮ್ಮ 9 ಮರಿಗೆ 60 ವ್ಯಾಟಿನಿಂದ ಶುರು ಮಾಡಿ, ಸಾಲದಿದ್ದರೆ 100. ಟಬ್ಬಿನ ಒಂದು ಕೊನೆಗೆ ತೂಗುಹಾಕಿ, ನೀರು ಇನ್ನೊಂದು ಕೊನೆಗೆ. ಬಲ್ಬಿನ ಕೆಳಗೆ ಮರಿಯ ಬೆನ್ನಿನ ಎತ್ತರದಲ್ಲಿ ಮೊದಲ ವಾರ ಸುಮಾರು 32 ಡಿಗ್ರಿ ಇರಲಿ, ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಜೋರಾಗಿ ಕೂಗಿದರೆ ಚಳಿ. ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಸೇರಿದರೆ ಎಲ್ಲಿಂದಲೋ ಗಾಳಿ ಬರುತ್ತಿದೆ. ಅಲ್ಲಲ್ಲಿ ಕಾಲು ಚಾಚಿ ಮಲಗಿ ಸಣ್ಣಗೆ ಗುಯ್‌ಗುಟ್ಟುತ್ತಿದ್ದರೆ ಸರಿಯಾಗಿದೆ. ಈಗ ಚಳಿಗಾಲ, ರಾತ್ರಿ ಬೇಕೇ ಬೇಕು. ನಮ್ಮ ಕಡೆ ಮಧ್ಯಾಹ್ನ ಬಿಸಿಲು ಏರಿದಾಗ ಆರಿಸಬೇಕಾಗಬಹುದು. ಏಪ್ರಿಲ್‌ನಲ್ಲಿ ಮರಿ ಮಾಡಿಸುವವರಿಗಂತೂ ಹಗಲು ಬಲ್ಬ್ ಹಾಕಿದರೆ ಮರಿ ಬೆಂದುಹೋಗುತ್ತವೆ.

ಬಲ್ಬನ್ನು ಅದರ ವೈರಿನ ಮೇಲೆ ನೇತುಹಾಕಬೇಡಿ. ಸರಪಳಿ ಅಥವಾ ಗಟ್ಟಿ ಜಿಐ ತಂತಿ ಹಾಕಿ, ಇನ್ನೊಂದು ಕಡೆಯಿಂದಲೂ ಕಟ್ಟಿ, ಒಂದು ಬಿಚ್ಚಿದರೆ ಇನ್ನೊಂದು ಹಿಡಿಯಲಿ. ಬಿದ್ದರೆ ಕಟ್ಟಿಗೆ ಸಿಪ್ಪೆಗೆ ಬೆಂಕಿ ಹತ್ತಲು ಜಾಸ್ತಿ ಹೊತ್ತು ಬೇಡ. ಒಡೆಯದಿರಲಿ ಅಂತ ಟೆಫ್ಲಾನ್ ಲೇಪಿಸಿದ ಬಲ್ಬ್ ಬರುತ್ತವೆ, ಅವು ಬೇಡ. ಕಾದಾಗ ಬರುವ ಹೊಗೆ ಹಕ್ಕಿಗಳನ್ನು ಕೊಲ್ಲುತ್ತದೆ. ಅಡುಗೆಮನೆಯ ನಾನ್‌ಸ್ಟಿಕ್ ತವಾ ಹೊತ್ತಿದರೂ ಅಷ್ಟೇ. ಅಡುಗೆಮನೆಯಿಂದ ಮರಿಗಳನ್ನು ಎತ್ತಲು ಇನ್ನೊಂದು ಕಾರಣ ಸಾಲ್ಮೊನೆಲ್ಲಾ ಅನ್ನುವ, ನಮ್ಮ ಹೊಟ್ಟೆ ಕೆಡಿಸುವ ರೋಗಾಣು. ಮರಿ ಆರೋಗ್ಯವಾಗಿ ಕಂಡರೂ ಹಿಕ್ಕೆಯಲ್ಲಿ ಇರಬಹುದು. ಮಕ್ಕಳು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ.

ಕರೆಂಟ್ ಹೋದಾಗ ಏನು ಮಾಡಬೇಕು ಅಂತ ಕೇಳಿದ್ದೀರಿ. ಬಿಸಿನೀರು ತುಂಬಿದ ಬಾಟಲಿಗೆ ಹಳೇ ಬಟ್ಟೆ ಸುತ್ತಿ ಮರಿಗಳ ನಡುವೆ ಮಲಗಿಸಿ, ಟಬ್ಬಿನ ಮುಕ್ಕಾಲು ಭಾಗಕ್ಕೆ ಕೌದಿ ಮುಚ್ಚಿ. ಆದರೆ ಮೊದಲು ಬಲ್ಬಿನ ಸ್ವಿಚ್ ಆರಿಸಿ. ನೀವು ನಿದ್ದೆಯಲ್ಲಿದ್ದಾಗ ಕರೆಂಟ್ ಬಂದರೆ ಬಲ್ಬ್ ಕೌದಿಗೆ ತಾಗಿ ಉರಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೆಗಡಿ ಮಾತ್ರ ಇಡಬೇಡಿ, ಅದರ ಗಾಳಿಯಿಂದ ಮರಿಗಳಿಗಷ್ಟೇ ಅಲ್ಲ, ಮನೆಯವರ ಜೀವಕ್ಕೂ ಅಪಾಯ.

ಬೆಕ್ಕು, ಹೆಗ್ಗಣ ಎರಡಕ್ಕೂ ಮುಚ್ಚಳ ಬೇಕು. ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿಯನ್ನು ಕಟ್ಟಿಗೆ ಚೌಕಟ್ಟಿಗೆ ಬಡಿದು ಮೇಲೆ ಕಲ್ಲಿಡಿ. ಸಾಮಾನ್ಯ ಕೋಳಿ ಜಾಲರಿಯ ಕಣ್ಣು ದೊಡ್ಡದು, ಮರಿ ಹೆಗ್ಗಣ ನುಸುಳುತ್ತದೆ. ಚೆಲ್ಲಿದ ಫೀಡಿಗೆ ಇರುವೆ ಮುತ್ತುತ್ತವೆ, ರಾತ್ರಿ ಮಲಗುವ ಮುಂಚೆ ಗುಡಿಸಿ.

ಈಜಿಸಬೇಕಾ ಅಂತ ನಿಮ್ಮ ಮಗ ಕೇಳಿದ್ದಾನೆ ಅಲ್ವಾ? ಒಂದು ವಾರ ಆದ ಮೇಲೆ, ಮಧ್ಯಾಹ್ನದ ಹೊತ್ತು, ಉಗುರುಬೆಚ್ಚಗಿನ ನೀರಿನಲ್ಲಿ, ಕಾಲು ನೆಲಕ್ಕೆ ತಾಗುವ ಆಳದಲ್ಲಿ ಐದು ನಿಮಿಷ ಬಿಡಬಹುದು. ಆಮೇಲೆ ಒರೆಸಿ ನೇರ ಬಲ್ಬಿನ ಕೆಳಗೆ. ನೀರನ್ನು ತಡೆಯುವ ಗರಿ ಪೂರ್ತಿ ಬರಲು ಏಳೆಂಟು ವಾರ ಬೇಕು. ಆಲಮಟ್ಟಿ ಹಿನ್ನೀರಿಗಂತೂ ಕರೆದುಕೊಂಡು ಹೋಗಬೇಡಿ. ಚಳಿಗಾಲದಲ್ಲಿ ಅಲ್ಲಿಗೆ ದೂರದ ದೇಶಗಳಿಂದ ಹೆಬ್ಬಾತುಗಳು ಬರುತ್ತವೆ, ಕಾಡುಹಕ್ಕಿಗಳ ರೋಗ ಮನೆಯ ಹಕ್ಕಿಗೆ ತಾಗಬಾರದು.

ಹಾಸಿಗೆ, ಬಲ್ಬ್, ಫೀಡ್ ಬದಲಾಯಿಸಿದ ಮೇಲೂ ಯಾವುದಾದರೂ ಮರಿ ತಿನ್ನದೆ ಕುತ್ತಿಗೆ ಇಳಿಬಿಟ್ಟು ಕೂತರೆ ಅದನ್ನು ಬೇರೆ ಇಟ್ಟು ಪಶು ಆಸ್ಪತ್ರೆಗೆ ತೋರಿಸಿ. ದೂರ ಅನಿಸಿದರೆ ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ನಾಳೆ ಬೆಳಿಗ್ಗೆ ಇನ್ನೊಂದು ಫೋಟೋ ಹಾಕಿ ಅಕ್ಕಾ. ಟಬ್ಬಿನ ಮೇಲಿಂದ ತೆಗೆಯಿರಿ, ಮರಿಗಳು ಎಲ್ಲೆಲ್ಲಿ ಮಲಗಿವೆ ಅಂತ ಕಾಣಬೇಕು. ಅದನ್ನು ನೋಡಿ ಬಲ್ಬ್ ಎಷ್ಟು ಎತ್ತರಕ್ಕೆ ಇರಬೇಕು ಅಂತ ಹೇಳುತ್ತೇನೆ.