‘ಅದಿರಲಿ’ ಅಂದು ಬಿಟ್ಟ ಸಾಲು

ನವನಗರದ ಓದುಗ ಮಿತ್ರರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದು ಎರಡು ಸಲ ಬರೆದಿದ್ದೀರಿ. ಹಾಕಿಲ್ಲ. ಪತ್ರ ಆರು ಪುಟ ಇದೆ, ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರಲ್ಲಿ ಏನಿದೆ ಎಂದು ಮೊದಲು ಹೇಳಿಬಿಡುತ್ತೇನೆ.

ಇವರ ಮಗ, ಅಕ್ಕನ ಮಗ, ಮಗನ ನಾಲ್ವರು ಗೆಳೆಯರು ಸೇರಿ ‘ಅವತಾರ್’ ಎಂಬ ಇಂಗ್ಲಿಷ್ ಸಿನಿಮಾದ ಮೂರನೇ ಭಾಗ ನೋಡಲು ಬಾಗಲಕೋಟೆಯಿಂದ ಹುಬ್ಬಳ್ಳಿಗೆ ಗಾಡಿ ಮಾಡಿಕೊಂಡು ಹೋದರು. ಹೊರಡುವಾಗ ಅಜ್ಜಿ ‘ಯಾವ ಅವತಾರನೋ, ನರಸಿಂಹಂದೇನು?’ ಅಂತ ಕೇಳಿದ್ದರಂತೆ. ರಾತ್ರಿ ಒಂದೂವರೆಗೆ ತಿರುಗಿ ಬಂದವರು ಮಲಗಲಿಲ್ಲ. ಉಳಿದಿದ್ದ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಜಗಳಕ್ಕೆ ಕೂತರು. ಒಬ್ಬ ‘ಭಾರಿ ಐತಿ ಬಿಡಲೇ’ ಅಂದ. ಇನ್ನೊಬ್ಬ ‘ಅದ ಕಥಿ, ಬಣ್ಣ ಅಷ್ಟ ಬ್ಯಾರೆ’ ಅಂದ. ಮೂರು ದಿನ ಇದೇ ನಡೆಯಿತು. ಈಗ ಮಗನೂ ಅವನ ಜೀವದ ಗೆಳೆಯನೂ ಮಾತು ಬಿಟ್ಟಿದ್ದಾರೆ. ಈ ಗದ್ದಲದಲ್ಲಿ ಸಿನಿಮಾದ ಕೊನೆ ಏನು ಅನ್ನುವುದೂ ಇವರ ಕಿವಿಗೆ ಬಿತ್ತು. ಮುಂದಿನ ವಾರ ನೋಡಬೇಕು ಅಂದುಕೊಂಡಿದ್ದವರು ಸಿಟ್ಟಿನಿಂದ ಬಿಟ್ಟುಬಿಟ್ಟರು. ‘ಇದು ಸಿನಿಮಾನೋ ಎಲೆಕ್ಷನ್ನೋ? ನಮ್ಮ ಕಾಲದಾಗ ನೋಡಿದಿವಿ, ಬಂದಿವಿ, ಮಲಗಿದಿವಿ. ನೀವಾದರೂ ಹುಡುಗರಿಗೆ ನಾಲ್ಕು ಬುದ್ಧಿಮಾತು ಹೇಳ್ರಿ’ ಎಂದು ಕೇಳಿದ್ದಾರೆ.

ಬುದ್ಧಿಮಾತು ಆಮೇಲೆ. ಮೊದಲು ನಿಮ್ಮ ಜೊತೆಗೇ ನನ್ನದೊಂದು ತಕರಾರು ಇದೆ. ನೋಡಿದಿವಿ, ಬಂದಿವಿ, ಮಲಗಿದಿವಿ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಯಲ್ಲಿ ಬಂತು. ನಾನು ಆಗ ವಿಜಯಪುರದಲ್ಲಿದ್ದೆ. ಆಗ ಅದು ಬಿಜಾಪುರ. ಐದು ಜನ ಗೆಳೆಯರು ಹೋಗಿ ನೋಡಿದೆವು. ಹೊರಗೆ ಬಂದ ಕೂಡಲೇ ವಾದ ಶುರುವಾಯಿತು. ಆ ಪ್ರಾಣಿಗಳು ಆಸ್ಟ್ರೇಲಿಯಾದಲ್ಲಿ ಇನ್ನೂ ಇವೆ, ಅಲ್ಲಿಗೆ ಹೋಗಿ ಶೂಟಿಂಗ್ ಮಾಡಿದ್ದಾರೆ ಎಂದು ಒಬ್ಬ ಆಣೆ ಮಾಡಿದ. ಎರಡು ಗಂಟೆಯ ಆ ಸಿನಿಮಾದಲ್ಲಿ ಡೈನೋಸಾರ್‌ಗಳು ಪರದೆ ಮೇಲೆ ಕಾಣುವುದು ಸುಮಾರು 15 ನಿಮಿಷ ಮಾತ್ರ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಮಾತಿನಲ್ಲಿ ಅವು ಮೊದಲ ರೀಲಿನಿಂದ ಕೊನೆತನಕ ಓಡುತ್ತಲೇ ಇದ್ದವು! ಆ 15 ನಿಮಿಷವನ್ನು ನಾವು ಎರಡು ತಿಂಗಳು ಎಳೆದೆವು. ಒಬ್ಬನಂತೂ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಹತ್ತಿ ಡೈನೋಸಾರ್ ಥರ ಕೂಗಿದ. ದನಿ ಏಳು ಸಲ ತಿರುಗಿ ಬಂತು. ಕಾವಲುಗಾರ ಒಂದೇ ಸಲ ಬಂದ, ಅದೇ ಸಾಕಾಯಿತು.

ಇನ್ನೂ ಹಿಂದೆ ಹೋದರೆ ಬನಶಂಕರಿ ಜಾತ್ರೆ ಇದೆ. ಬನದ ಹುಣ್ಣಿಮೆಗೆ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಟೆಂಟ್ ಹಾಕುತ್ತವೆ. ರಾತ್ರಿಯೆಲ್ಲ ನಾಟಕ ನೋಡಿ, ಬೆಳಗಿನ ಜಾವ ಚಹಾ ಕುಡಿಯುತ್ತ ನಿಂತ ಜನ ಏನು ಮಾತಾಡುತ್ತಿದ್ದರು ಎಂದು ನಿಮಗೆ ನಾನು ಹೇಳಬೇಕಾ? ಈ ಸಲದ ಖಳನಾಯಕ ಹೋದ ವರ್ಷದವನ ಕಾಲಧೂಳಿಗೂ ಸಮ ಇಲ್ಲ ಅನ್ನುವ ಮಾತಿಗೆ ಕೊರಳಪಟ್ಟಿ ಹಿಡಿದವರನ್ನು ನಾನೇ ನೋಡಿದ್ದೇನೆ.

ಇನ್ನು ಹುಡುಗರ ವಿಷಯ. ಒಂದು ಸಿನಿಮಾಕ್ಕೆ ಯಾಕೆ ಇಷ್ಟು ಹಚ್ಚಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ಮೊದಲ ‘ಅವತಾರ್’ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಎರಡನೆಯದು 2022ರ ಡಿಸೆಂಬರ್‌ನಲ್ಲಿ. ನಡುವೆ 13 ವರ್ಷ. ನಿಮ್ಮ ಮಗ ಮೊದಲನೆಯದನ್ನು ಟಿವಿಯಲ್ಲಿ ನೋಡಿದಾಗ ಎರಡನೇ ಕ್ಲಾಸಿನಲ್ಲಿದ್ದ ಎಂದು ಬರೆದಿದ್ದೀರಿ. ಎರಡನೆಯದು ಬರುವ ಹೊತ್ತಿಗೆ ಮೀಸೆ ಬಂದಿತ್ತು. ಅಂದರೆ 2025ರ ಡಿಸೆಂಬರ್ 19ಕ್ಕೆ ಬಂದ ಈ ಮೂರನೆಯದನ್ನು ನೋಡಲು ಹೋದವನ ಜೊತೆ ಆ ಎರಡನೇ ಕ್ಲಾಸಿನ ಹುಡುಗನೂ ಹೋಗಿದ್ದ. ಸಿನಿಮಾ ಚೆನ್ನಾಗಿಲ್ಲ ಎಂದು ಗೆಳೆಯ ಅಂದರೆ ಆ ಸಣ್ಣ ಹುಡುಗನಿಗೆ ಪೆಟ್ಟು ಬೀಳುತ್ತದೆ. ಗೆಳೆಯನ ಕಥೆಯೂ ಅದೇ ಇರಬಹುದು. ಅವನು ಕಾದಿದ್ದು ಸಿಗಲಿಲ್ಲ, ಅದಕ್ಕೇ ಸಿಟ್ಟು.

ನಮ್ಮ ಹುಡುಗರೇ ವಾಸಿ. 2010ರ ಜನವರಿಯಲ್ಲಿ ಅಮೆರಿಕದಲ್ಲಿ ಕೆಲವರು ಮೊದಲ ಭಾಗ ನೋಡಿ ಬಂದು, ಆ ಕಥೆ ನಡೆಯುವ ಪಂಡೋರಾ ಎಂಬ ಲೋಕ ನಿಜವಾಗಿ ಇಲ್ಲವಲ್ಲ ಎಂದು ದಿನಗಟ್ಟಲೆ ಮಂಕಾಗಿ ಕೂತಿದ್ದು ಸುದ್ದಿಯಾಗಿತ್ತು. ಇನ್ನು ಕೆಲವರು ಅಲ್ಲಿನ ನೀಲಿ ಜನರ ನಾವಿ ಭಾಷೆಯನ್ನೇ ಕಲಿತರು. ಅದು ಸುಮ್ನೆ ಬಾಯಿಗೆ ಬಂದ ಶಬ್ದ ಅಲ್ಲ. ಪಾಲ್ ಫ್ರಾಮರ್ ಎಂಬ ಭಾಷಾ ಪಂಡಿತರು ವ್ಯಾಕರಣ ಸಮೇತ ಕಟ್ಟಿದ ಭಾಷೆ. ‘ಒಎಲ್ ಙತಿ ಕಮೆಇಎ’ ಅಂದರೆ ‘ನಿನ್ನನ್ನು ಕಾಣುತ್ತಿದ್ದೇನೆ’ ಎಂದು, ಮನಸಾರೆ ಕಾಣುವ ಅರ್ಥದಲ್ಲಿ. ಆ ಎರಡನೇ ಪದ ಶುರುವಾಗುವುದು ಯಾವ ಅಕ್ಷರದಿಂದ ನೋಡಿ. ನಮ್ಮ ವರ್ಣಮಾಲೆಯಲ್ಲಿ ಎಷ್ಟೋ ಕಾಲದಿಂದ ಕೆಲಸವಿಲ್ಲದೆ ಕೂತಿರುವ ಙ! ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಡೆದು ಕಲಿಸಿದ ಆ ಅಕ್ಷರಕ್ಕೆ ಕೊನೆಗೂ ಒಂದು ನೌಕರಿ ಸಿಕ್ಕಿತು, ಅದೂ ಬೇರೆ ಲೋಕದಲ್ಲಿ.

‘ಅದ ಕಥಿ’ ಅಂದ ಹುಡುಗನ ಮಾತು ಸುಳ್ಳಲ್ಲ. ಎರಡನೇ ಭಾಗದ ದಾರಿಯಲ್ಲೇ ಮೂರನೆಯದೂ ನಡೆದಿದೆ ಎಂದು ಬಹಳ ಜನ ವಿಮರ್ಶಕರು ಬರೆದರು. ನನಗೂ ಹಾಗೇ ಅನಿಸಿತು. 3 ಗಂಟೆ 17 ನಿಮಿಷದಲ್ಲಿ ಅರ್ಧ ಗಂಟೆ ಕಡಿಮೆ ಮಾಡಿದ್ದರೆ ಯಾರಿಗೂ ನಷ್ಟ ಆಗುತ್ತಿರಲಿಲ್ಲ. ‘ಭಾರಿ ಐತಿ’ ಅಂದವನೂ ಸುಳ್ಳು ಹೇಳಿಲ್ಲ. ಆ ನೀರು, ಆ ಬೆಂಕಿ ನೋಡುವಾಗ ನಾನೂ ಬಾಯಿ ತೆರೆದುಕೊಂಡೇ ಕೂತಿದ್ದೆ. ಇಬ್ಬರೂ ನಿಜ ಹೇಳಿದ ಮೇಲೂ ಜಗಳ ಆಯಿತು. ಯಾಕೆ ಅಂದರೆ ಇಬ್ಬರೂ ಮಾರ್ಕ್ಸ್ ಹಾಕಲು ಕೂತಿದ್ದರು. ಹತ್ತಕ್ಕೆ ಒಂಬತ್ತು, ಹತ್ತಕ್ಕೆ ನಾಲ್ಕು. ಮಾರ್ಕ್ಸಿನ ಮೇಲೆ ಜಗಳ ಆಡಬಹುದು, ಮಾತು ಬೆಳೆಸಲು ಆಗುವುದಿಲ್ಲ. ಯಾವ ಜಾಗದಲ್ಲಿ ನಿನಗೆ ಹಾಗೆ ಅನಿಸಿತು ಎಂದು ಕೇಳಿದ್ದರೆ ಇಬ್ಬರೂ ಬೆಳಗಿನತನಕ ಮಾತಾಡಬಹುದಿತ್ತು.

ಕೊನೆ ಹೇಳಿಬಿಟ್ಟರು ಎಂಬ ನಿಮ್ಮ ಸಂಕಟಕ್ಕೆ ನನ್ನ ಸಹಾನುಭೂತಿ ಅರ್ಧ ಮಾತ್ರ. ನೀವು ಕೃಷ್ಣ ಪಾರಿಜಾತ ಬಯಲಾಟದ ಸೀಮೆಯವರು. ನಾರದ ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. ತೊಟ್ಟಿಲ ಮಗುವಿಗೂ ಇದು ಗೊತ್ತು. ಆದರೂ ಭಾಮೆ ಈ ಸಲ ಹೇಗೆ ಸಿಟ್ಟಾಗುತ್ತಾಳೆ ಎಂದು ನೋಡಲು ಜನ ಕಂಬಳಿ ಹೊದ್ದು ಕೂರುತ್ತಾರೆ, ಅಲ್ವಾ? ಏನಾಗುತ್ತದೆ ಅನ್ನುವುದು ಗೊತ್ತಾದರೆ ಹೇಗಾಗುತ್ತದೆ ಅನ್ನುವುದು ಕೆಡುವುದಿಲ್ಲ.

ಉಳಿದರ್ಧ ಸಹಾನುಭೂತಿ ಯಾಕೆ ಎಂದರೆ, ಕೆಲವು ಗುಟ್ಟುಗಳನ್ನು ಕಾಯಲು ಸಿನಿಮಾದವರು ಬಹಳ ಒದ್ದಾಡಿರುತ್ತಾರೆ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ‘ಸ್ಟಾರ್ ವಾರ್ಸ್’ ಸಾಲಿನ ಎರಡನೇ ಸಿನಿಮಾ. ಅದರಲ್ಲಿ ಖಳನೇ ನಾಯಕನ ಅಪ್ಪ. (45 ವರ್ಷ ಆಯಿತು, ಇನ್ನು ಹೇಳಬಹುದು.) ಕಪ್ಪು ಮುಖವಾಡದೊಳಗಿದ್ದ ನಟ ಡೇವಿಡ್ ಪ್ರೌಸ್ ಅವರಿಗೂ ಇದನ್ನು ಹೇಳಿರಲಿಲ್ಲ. ಅವರ ಕೈಗೆ ಬೇರೆ ಸುಳ್ಳು ಮಾತು ಬರೆದುಕೊಟ್ಟು ಶೂಟಿಂಗ್ ಮಾಡಿದರು. ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿಯಲ್ಲಿ ನಿಜವಾದ ಮಾತು ಸೇರಿಸಿದರು. ನಾಯಕನ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ಗುಟ್ಟು ತಿಳಿದದ್ದು ಆ ದೃಶ್ಯ ತೆಗೆಯುವ ಸ್ವಲ್ಪ ಮೊದಲು. ಇಷ್ಟು ಕಷ್ಟಪಟ್ಟು ಕಟ್ಟಿದ ಗಂಟನ್ನು ಚಹಾದಂಗಡಿಯಲ್ಲಿ ಒಬ್ಬ ಬಿಚ್ಚಿಬಿಟ್ಟರೆ ಬೇಜಾರಾಗದೆ ಇರುತ್ತದಾ? ಆದ್ದರಿಂದ ಹುಡುಗರಿಗೆ ನನ್ನದೊಂದೇ ಮಾತು: ಎರಡು ವಾರ ತಡೆದುಕೊಳ್ಳಿ. ಅಪ್ಪಂದಿರಿಗೆ ಟಿಕೆಟ್ ಸಿಗುವುದು ಯಾವಾಗಲೂ ತಡ.

ಇನ್ನೊಂದು ವಿಷಯ. ಇಂದು ಆ ಸಾಲಿನಲ್ಲೇ ಶ್ರೇಷ್ಠ ಅನಿಸಿಕೊಂಡಿರುವ ಅದೇ 1980ರ ಸಿನಿಮಾಕ್ಕೆ ಬಂದ ಹೊಸತರಲ್ಲಿ ವಿಮರ್ಶೆ ಮಿಶ್ರವಾಗಿತ್ತು. ಮಗನೂ ಗೆಳೆಯನೂ ಮೊದಲ ರಾತ್ರಿ ಆಡಿದ ಮಾತಿಗೆ ಜನ್ಮಪೂರ್ತಿ ಕಟ್ಟುಬೀಳಬೇಕಾಗಿಲ್ಲ. ‘ಅವತಾರ್’ ಮುಂದಿನ ಭಾಗಗಳಿಗೆ ಸದ್ಯ 2029, 2031 ಎಂದು ದಿನ ಇಟ್ಟಿದ್ದಾರೆ. ಅಲ್ಲಿಯತನಕ ಮಾತು ಬಿಟ್ಟು ಕೂತರೆ ಗಾಡಿ ಬಾಡಿಗೆ ಹಂಚಿಕೊಳ್ಳುವವರು ಯಾರು?

ಇಷ್ಟು ಬರೆದು ಉತ್ತರ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರದ ಐದನೇ ಪುಟದಲ್ಲಿ ಒಂದು ಸಾಲು ಇದೆ. ಹುಡುಗರ ಮೇಲಿನ ಸಿಟ್ಟಿನ ನಡುವೆ ಬರೆದಿದ್ದೀರಿ. ‘ಮೊದಲ ಭಾಗ ನಾನೂ ಮಗನ ಜೋಡಿ ಟಿವಿಯೊಳಗ ನೋಡಿದ್ದೆ. ಆ ದೊಡ್ಡ ಮರ ಬೀಳೂಮುಂದ ನಮ್ಮ ಹಳೇ ಬಾಗಲಕೋಟಿ ಮನಿ ನೆನಪಾತು. ಅದಿರಲಿ.’

ಅದು ಯಾಕೆ ಇರಲಿ?

ನೋಡದವರಿಗೆ ಹೇಳುತ್ತೇನೆ. ಆ ಕಥೆಯಲ್ಲಿ ಒಂದು ದೈತ್ಯ ಮರ ಇದೆ. ಇಡೀ ಕುಲ ಅದರಲ್ಲೇ ವಾಸ. ಅದರ ಕೆಳಗೆ ಬೆಲೆಬಾಳುವ ಖನಿಜ ಇದೆ ಎಂದು ಹೊರಗಿನವರು ಬಂದು ಉರುಳಿಸುತ್ತಾರೆ. ಇಲ್ಲಿ ಬಾಗಲಕೋಟೆಯಲ್ಲಿ ಮರ ಇರಲಿಲ್ಲ, ಊರು ಇತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂತು. ಓಣಿ, ಪೇಟೆ, ಕಟ್ಟೆ ಬಿಟ್ಟು ಜನ ಸೆಕ್ಟರ್ ನಂಬರಿನ ಹೊಸ ಊರಿಗೆ, ಈ ನವನಗರಕ್ಕೆ ಬಂದರು. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಇನ್ನೂ ನಡೆದೇ ಇದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಗಣಿ, ಇಲ್ಲಿ ಹೊಲಕ್ಕೆ ನೀರು. ಆ ನೀರಿನಿಂದ ಬದುಕಿದವರೂ ನಮ್ಮವರೇ. ಆದರೆ ಮನೆ ಬಿಟ್ಟವನಿಗೆ ಟಿವಿಯ ಮರದಲ್ಲಿ ತನ್ನ ಮನೆಯ ತೊಲೆ ಕಂಡರೆ ಅದು ತಪ್ಪಾಗುವುದು ಹೇಗೆ?

ಹಾಗೆ ಕಂಡದ್ದು ನಿಮಗೊಬ್ಬರಿಗೇ ಅಲ್ಲ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಡೋಂಗ್ರಿಯಾ ಕೋಂಧ ಜನ ಇದ್ದಾರೆ. ಅವರ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯುವ ಯೋಜನೆ ಇತ್ತು. 2010ರಲ್ಲಿ ಅವರ ಪರವಾಗಿ ಅಮೆರಿಕದ ಸಿನಿಮಾ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ನೀವು ತೋರಿಸಿದ ಕಥೆ ಇಲ್ಲಿ ನಿಜವಾಗಿ ನಡೆಯುತ್ತಿದೆ, ಸಹಾಯ ಮಾಡಿ ಎಂದು ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವರನ್ನೇ ಕೇಳಿದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನೇ ಕೇಳಿ ಎಂದಿತು. 12 ಗ್ರಾಮಸಭೆಗಳೂ ಗಣಿ ಬೇಡ ಅಂದವು. ಸಿನಿಮಾದಿಂದ ಅದು ನಿಂತಿತು ಅನ್ನುವುದು ಜಾಸ್ತಿ ಆಗುತ್ತದೆ. ಬೆಟ್ಟದ ಜನ ವರ್ಷಗಟ್ಟಲೆ ಗಟ್ಟಿಯಾಗಿ ನಿಂತರು, ಅದಕ್ಕೇ ನಿಂತಿತು.

ಈ ಮೂರನೇ ಭಾಗದಲ್ಲಿ ಬೂದಿಯ ಜನ ಅಂತ ಒಂದು ಕುಲ ಬರುತ್ತದೆ. ಜ್ವಾಲಾಮುಖಿಯಲ್ಲಿ ಮನೆ ಸುಟ್ಟುಹೋಗಿ, ಕರೆದಾಗ ಬರದ ತಾಯಿ ದೇವತೆಯನ್ನೇ ಬಿಟ್ಟವರು. ಅವರ ನಾಯಕಿ ವರಾಂಗ್ ಪಾತ್ರ ಮಾಡಿದವರು ಊನಾ ಚಾಪ್ಲಿನ್, ಚಾರ್ಲಿ ಚಾಪ್ಲಿನ್ ಅವರ ಮೊಮ್ಮಗಳು. ನಿಮ್ಮ ಮಗ ಮತ್ತು ಗೆಳೆಯ ಜಾಸ್ತಿ ಜಗಳ ಆಡಿದ್ದು ಇವಳ ಮೇಲೆಯೇ ಎಂದು ಬರೆದಿದ್ದೀರಿ. ಅವಳ ಸಿಟ್ಟು ಸರಿಯೋ, ಅತಿಯಾಯಿತೋ ಎಂದು. ಆರು ಹುಡುಗರೂ ನವನಗರದಲ್ಲೇ ಹುಟ್ಟಿದವರು. ಮನೆ ಕಳೆದುಕೊಂಡವರ ಸಿಟ್ಟು ಎಷ್ಟಿರುತ್ತದೆ ಎಂದು ತಿಳಿದವರು ಆ ರಾತ್ರಿ ಆ ಮನೆಯಲ್ಲಿ ಒಬ್ಬರೇ ಇದ್ದರು. ಅವರು ಪಕ್ಕದ ಕೋಣೆಯಲ್ಲಿ ದಿಂಬು ಕಿವಿಗೆ ಒತ್ತಿಕೊಂಡು ಮಲಗಿದ್ದರು.

ಮಗನಿಗೆ ಹೇಳಿ. ಪಡಸಾಲೆ ಎಲ್ಲಿತ್ತು, ನೀರು ಮೊದಲು ಯಾವ ಓಣಿಗೆ ಬಂತು, ಬಾಗಿಲು ಚೌಕಟ್ಟು ಕಿತ್ತು ತಂದಿರೋ ಅಲ್ಲೇ ಬಿಟ್ಟಿರೋ. ಸುಮ್ನೆ ಕರೆದರೆ ಹುಡುಗರು ಬರುವುದಿಲ್ಲ, ನೆಪ ಒಂದು ಬೇಕು. ಅದನ್ನೂ ಕೊಡುತ್ತೇನೆ. ಕಥೆಯ ಪಂಡೋರಾ ಇರುವುದು ಆಲ್ಫಾ ಸೆಂಟಾರಿಯಲ್ಲಿ. ಆ ನಕ್ಷತ್ರ ಮಾತ್ರ ನಿಜವಾದದ್ದು, ನಮ್ಮಿಂದ 4.3 ಜ್ಯೋತಿರ್ವರ್ಷ ಆಚೆ ಇದೆ. ಕಥೆಯ ಹಡಗು ಸುಮಾರು ಆರು ವರ್ಷಕ್ಕೆ ಮುಟ್ಟುತ್ತದೆ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆಯ ವೇಗದಲ್ಲಿ ಹೋದರೆ 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಅಲ್ಲಿ ಒಂದು ದೊಡ್ಡ ಅನಿಲ ಗ್ರಹ ಇರಬಹುದು ಎನ್ನುವ ಸುಳಿವು 2025ರ ಆಗಸ್ಟ್‌ನಲ್ಲಿ ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದಿಂದ ಸಿಕ್ಕಿದೆ, ಇನ್ನೂ ಖಚಿತವಾಗಿಲ್ಲ. ವಿಜ್ಞಾನ ಓದುವ ನಿಮ್ಮ ಅಕ್ಕನ ಮಗನಿಗೆ ಇದು ಹೇಳಿ, ಅವನೇ ಎಲ್ಲರನ್ನೂ ಎಳೆದುಕೊಂಡು ಬರುತ್ತಾನೆ.

ಆ ನಕ್ಷತ್ರ ನಮ್ಮ ಜಿಲ್ಲೆಯಿಂದ ಬರಿಗಣ್ಣಿಗೆ ಕಾಣುತ್ತದೆ. ಮೇ ಕೊನೆಗೆ, ಮಳೆ ಮೋಡ ಕಟ್ಟುವ ಮೊದಲು, ರಾತ್ರಿ ಹತ್ತರ ಮೇಲೆ ಹಿನ್ನೀರಿನ ದಂಡೆಗೆ ಹೋಗಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಬಹಳ ಕೆಳಗೆ, ನೆಲಕ್ಕೆ ಹತ್ತಿರ, ಎರಡು ಹೊಳೆಯುವ ಚುಕ್ಕಿ ಅಕ್ಕಪಕ್ಕ ಇರುತ್ತವೆ. ಎಡಗಡೆಯದು, ಜಾಸ್ತಿ ಹೊಳೆಯುವುದು, ಅದೇ. ಮುನಿಸಿಕೊಂಡ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕೂರಿಸಿ. ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗಿ.

ಹುಡುಗರು ಏನಂದರು ಎಂದು ಆಮೇಲೆ ಬರೆಯಿರಿ. ಆರು ಪುಟ ಆದರೂ ಅಡ್ಡಿಯಿಲ್ಲ.

— ಸಂ.