ಅಕ್ಕಾರನ್ನ ಕೇಳ್ರಿ: ಕಂಪನಿ ಬಿಟ್ಟು ಟಿ.ವಿ.ಗೆ?

ಪ್ರಶ್ನೆ: ಅಕ್ಕಾರ, ನನ್ನ ಮಗಳು ನಾಟಕ ಕಂಪನಿಯೊಳಗ ಪಾರ್ಟು ಮಾಡ್ತಾಳ. ಬೆಂಗಳೂರಿನಿಂದ ಧಾರಾವಾಹಿಗೆ ಕರೆ ಬಂದೈತಿ. ‘ಟಿ.ವಿ.ಗೆ ಹೋದಾಕಿ ಮತ್ತ ಸ್ಟೇಜ್ ಹತ್ತೂದಿಲ್ಲ’ ಅಂತ ಅವರಪ್ಪ ಹಟ ಹಿಡದಾರ. ಹೋದ ಸಂಚಿಕೆಯೊಳಗ ಬ್ರಿಟಿಷ್ ನಟಿ ಫೆಲಿಸಿಟಿ ಕೆಂಡಲ್ ಹೆಸರು ತಗದಿದ್ರಿ. ಆಕಿ ಎರಡೂ ಹೆಂಗ ನಿಭಾಯಿಸಿದಳು?
– ಒಬ್ಬ ತಾಯಿ, ಗುಳೇದಗುಡ್ಡ

ಉತ್ತರ: ನೋಡವಾ ತಂಗಿ, ಫೆಲಿಸಿಟಿನೂ ಕಂಪನಿ ಮನಿ ಮಗಳ. ಹುಟ್ಟಿದ್ದು ಇಂಗ್ಲೆಂಡಿನಾಗ, 1946ರಲ್ಲಿ. ಬೆಳೆದದ್ದು ನಮ್ಮ ದೇಶದಾಗ. ಅಪ್ಪ ಜೆಫ್ರಿ, ಅವ್ವ ಲಾರಾ ‘ಶೇಕ್ಸ್‌ಪಿಯರಾನಾ’ ಕಂಪನಿ ಕಟ್ಟಿಕೊಂಡು ಊರೂರು ತಿರುಗ್ತಿದ್ರು. ಒಮ್ಮೆ ರಾಜರ ಅರಮನಿ, ಒಮ್ಮೆ ಸಾಲಿ ಹಾಲ್. ಒಂಬತ್ತು ತಿಂಗಳ ಕೂಸಿದ್ದಾಗನ ಆಕಿನ್ನ ಎತ್ತಿಕೊಂಡು ಸ್ಟೇಜಿಗೆ ತಂದಿದ್ರು. ಏಣಗಿ ಬಾಳಪ್ಪನವರ ಕಂಪನಿ ಕತಿ ಕೇಳಿ ಬೆಳೆದ ನಮಗ ಇದರಾಗೇನು ಅಚ್ಚರಿ ಇಲ್ಲ ಬಿಡು.

1965ರ ‘ಶೇಕ್ಸ್‌ಪಿಯರ್ ವಾಲಾ’ ಸಿನಿಮಾ ಈ ಮನೆತನದ ಬದುಕನ್ನ ನೋಡೇ ಮಾಡಿದ್ದು. ಆಕಿ ಜೋಡಿ ಶಶಿ ಕಪೂರ್. (ಪರದೆ ಮ್ಯಾಲ ಪ್ರೇಮಿ, ಮನ್ಯಾಗ ಅಕ್ಕ ಜೆನಿಫರ್‌ಳ ಗಂಡ!) ಆಮೇಲೆ ಲಂಡನ್ ಸೇರಿದಳು. 1975ರಿಂದ ಬಿಬಿಸಿಯ ‘ದಿ ಗುಡ್ ಲೈಫ್’ ಧಾರಾವಾಹಿಯೊಳಗ ಬಾರ್ಬರಾ ಆಗಿ ಮನಿಮಾತಾದಳು. ಗಂಡ ನೌಕರಿ ಬಿಟ್ಟು ಹಿತ್ತಲದಾಗ ಕಾಯಿಪಲ್ಲೆ ಬೆಳೀತಾನ, ಹಂದಿ ಸಾಕತಾನ. ಈಕಿ ಕೆಸರಾಗ ನಿಂತು ನಗತಾಳ.

ಈಗ ನಿಮ್ಮ ಮನಿಯವರ ಮಾತಿಗೆ ಬರೋಣ. ಧಾರಾವಾಹಿ ಮುಗಿದದ್ದು 1978ಕ್ಕ. 1979ಕ್ಕ ಆಕಿ ಲಂಡನ್ನಿನ ನ್ಯಾಷನಲ್ ಥಿಯೇಟರಿನ ‘ಅಮೇಡಿಯಸ್’ ನಾಟಕದಾಗ ಮೊಜಾರ್ಟ್‌ನ ಹೆಂಡತಿ! ಮುಂದ ಟಾಮ್ ಸ್ಟಾಪರ್ಡ್‌ನ ನಾಟಕ ಒಂದರ ಹಿಂದೊಂದು. ನನಗ ಹೆಚ್ಚು ಸೇರೋದು 1995ರ ‘ಇಂಡಿಯನ್ ಇಂಕ್’. 1930ರ ಹಿಂದುಸ್ತಾನಕ್ಕ ಬರೋ ಇಂಗ್ಲಿಷ್ ಕವಯಿತ್ರಿ ಪಾರ್ಟು. ಅದಕ್ಕ ಬೇಕಾದ ಬಿಸಿಲು ಆಕಿಗೆ ಸಣ್ಣಂದಿನಾಗನ ಸಿಕ್ಕಿತ್ತು. 2003ರಾಗ ‘ರೋಸ್‌ಮೇರಿ ಆ್ಯಂಡ್ ಥೈಮ್’ ಅಂತ ಪತ್ತೇದಾರಿ ಧಾರಾವಾಹಿನೂ ಮಾಡಿದಳು. ಸಂಜಿ ಚಹಾದ ಜೋಡಿ ನೋಡಲಿಕ್ಕೆ ಅಡ್ಡಿ ಇಲ್ಲ, ಅಷ್ಟ.

ಆದರ ಒಂದು ಮಾತು. ಲಂಡನ್ನಿನಾಗ ಸ್ಟುಡಿಯೋ, ಥಿಯೇಟರ್ ಒಂದೇ ಊರಾಗ ಅದಾವ. ನಿನ್ನ ಮಗಳಿಗೆ ಹಂಗಿಲ್ಲ. ಶೂಟಿಂಗ್ ಬೆಂಗಳೂರಾಗ, ಕಂಪನಿ ಕ್ಯಾಂಪ್ ಬಾದಾಮಿ ಹತ್ತಿರದ ಬನಶಂಕರಿ ಜಾತ್ರಿಯೊಳಗ. ಅಲ್ಲಿ ದಿನಾ ರಾತ್ರಿ ಆಟ. ಹಿಂಗಾಗಿ ಆಕಿನ್ನ ತಡೀಬ್ಯಾಡ್ರಿ, ಕರಾರಿಗೆ ಸಹಿ ಹಾಕೋ ಮೊದಲ ತಿಂಗಳಿಗೆ ಎಷ್ಟು ದಿನ ಶೂಟಿಂಗ್ ಅಂತ ಬರೆಸಿಕೊಳ್ರಿ. ಜಾತ್ರಿ ಕ್ಯಾಂಪಿಗೆ ರಜಾ ಬೇಕು ಅನ್ನೋದನ್ನೂ ಅದರಾಗ ಸೇರಿಸ್ರಿ. ಕಂಪನಿ ಮಾಲೀಕರಿಗೂ ಈಗಲೇ ಹೇಳ್ರಿ, ಆಕಿ ಪಾರ್ಟಿಗೆ ಇನ್ನೊಬ್ಬಾಕಿನ್ನ ತಯಾರು ಮಾಡಿಕೊಳ್ಳಲಿ.